ಬ್ಯಾಕಪ್ ಇದೆ ಸರಿ, ವಾಪಸ್ ಬರುತ್ತಾ?

ಅಂಗಡಿ ಬಿಲ್ಲು, ಶಾಲೆ ಫೀಸು, ಸೊಸೈಟಿ ಸಾಲ ಎಲ್ಲದರ ಲೆಕ್ಕವೂ ಈಗ ಯಾವುದೋ ಡೇಟಾಬೇಸ್‌ನಲ್ಲಿ ಕೂತಿದೆ. ನಿಮ್ಮದು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸಾಫ್ಟ್‌ವೇರ್ ಆಗಿದ್ದರೆ ಬ್ಯಾಕಪ್‌ಗೆ ಬೇಕಾದ ಟೂಲ್‌ಗಳು ಅದರ ಜೊತೆಗೇ ಬರುತ್ತವೆ. ಟರ್ಮಿನಲ್ ತೆರೆದರೆ ಸಾಕು. ಕೆಳಗಿನ ಕಮಾಂಡ್‌ಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ.

ಮೊದಲು, ಬ್ಯಾಕಪ್ ತೆಗೆಯಲು, ‘ಪಿಜಿ_ಡಂಪ್ -ಎಫ್‌ಸಿ -ಎಫ್ ಲೆಕ್ಕ.ಡಂಪ್ ಲೆಕ್ಕ’. ಮೊದಲ ಎಫ್ ದೊಡ್ಡಕ್ಷರ, ಉಳಿದವು ಚಿಕ್ಕವು. ‘ಲೆಕ್ಕ.ಡಂಪ್’ ಬ್ಯಾಕಪ್ ಫೈಲಿನ ಹೆಸರು, ಕೊನೆಯಲ್ಲಿರುವುದು ಡೇಟಾಬೇಸ್ ಹೆಸರು. ಬಿಲ್ಲಿಂಗ್ ನಡೆಯುತ್ತಿರುವಾಗಲೂ ಇದನ್ನು ಓಡಿಸಬಹುದು, ಯಾರ ಕೆಲಸವೂ ನಿಲ್ಲುವುದಿಲ್ಲ. ಯೂಸರ್‌ಗಳು ಮತ್ತು ಅವರ ಪಾಸ್‌ವರ್ಡ್‌ಗಳು ಮಾತ್ರ ಇದರಲ್ಲಿ ಬರುವುದಿಲ್ಲ. ಅದಕ್ಕೆ ‘ಪಿಜಿ_ಡಂಪ್‌ಆಲ್ -ಜಿ’ ಬೇರೆಯಾಗಿ ಓಡಿಸಿ.

ದಿನಾ ರಾತ್ರಿ ತಾನಾಗಿ ಆಗಲು, ಹೊತ್ತಿಗೆ ಸರಿಯಾಗಿ ಕಮಾಂಡ್ ಓಡಿಸುವ ಕ್ರಾನ್‌ಗೆ ಹಾಕಿ. ಇಲ್ಲಿ ತುಂಬಾ ಜನ ಎಡವುತ್ತಾರೆ. ಫೈಲ್ ಹೆಸರಿಗೆ ತಾರೀಖು ಸೇರಿಸಲು ಬಳಸುವ ಶೇಕಡಾ ಚಿಹ್ನೆಯನ್ನು ಕ್ರಾನ್ ಸಾಲಿನ ಕೊನೆ ಎಂದುಕೊಳ್ಳುತ್ತದೆ. ಟರ್ಮಿನಲ್‌ನಲ್ಲಿ ಸಲೀಸಾಗಿ ಓಡಿದ ಕಮಾಂಡ್ ರಾತ್ರಿ ಅರ್ಧಕ್ಕೇ ಕಡಿದುಹೋಗುತ್ತದೆ. ಚಿಹ್ನೆಗೆ ಮೊದಲು, ಅಂದರೆ ಅದರ ಎಡಕ್ಕೆ, ಒಂದು ಬ್ಯಾಕ್‌ಸ್ಲ್ಯಾಷ್ ಹಾಕಿ. ಪಾಸ್‌ವರ್ಡ್ ‘.ಪಿಜಿಪಾಸ್’ ಫೈಲಿನಲ್ಲಿರಲಿ, ಅದರ ಪರ್ಮಿಷನ್ 0600 (ಫೈಲಿನ ಮಾಲೀಕರಿಗೆ ಮಾತ್ರ ಓದಲು, ಬರೆಯಲು ಅನುಮತಿ) ಇರಲಿ. ಬೇರೆಯವರೂ ಓದುವಂತಿದ್ದರೆ ಪೋಸ್ಟ್‌ಗ್ರೆಸ್ ಆ ಫೈಲನ್ನು ಮುಟ್ಟುವುದೇ ಇಲ್ಲ.

ಇಷ್ಟಕ್ಕೇ ನೆಮ್ಮದಿಯಿಂದ ಮಲಗಬೇಡಿ. 2017ರ ಜನವರಿ 31ರಂದು, ಸಾಫ್ಟ್‌ವೇರ್ ಕೋಡ್ ಇಡುವ ತಾಣವಾದ ಗಿಟ್‌ಲ್ಯಾಬ್‌ನ ಮುಖ್ಯ ಸರ್ವರ್‌ನಲ್ಲಿದ್ದ ಡೇಟಾ ಕೈತಪ್ಪಿನಿಂದ ಅಳಿಸಿಹೋಯಿತು. ಬ್ಯಾಕಪ್ ಹುಡುಕಿದರೆ ಅಲ್ಲಿ ಏನೂ ಇರಲಿಲ್ಲ. ಸರ್ವರ್‌ನಲ್ಲಿದ್ದ ಪೋಸ್ಟ್‌ಗ್ರೆಸ್ ಆವೃತ್ತಿ 9.6 ಆಗಿತ್ತು, ಓಡುತ್ತಿದ್ದ ಪಿಜಿ_ಡಂಪ್ ಆವೃತ್ತಿ 9.2. ತನಗಿಂತ ಹೊಸ ಸರ್ವರ್ ಎದುರಾದರೆ ಪಿಜಿ_ಡಂಪ್ ಎರರ್ ಕೊಟ್ಟು ನಿಂತುಬಿಡುತ್ತದೆ. ಆ ಎರರ್ ತಿಳಿಸುವ ಈಮೇಲ್‌ಗಳೂ ಯಾರಿಗೂ ತಲುಪುತ್ತಿರಲಿಲ್ಲ. ಬೇರೆ ಕೆಲಸಕ್ಕೆಂದು ಸುಮಾರು 6 ಗಂಟೆ ಮುಂಚೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ (ಆ ಹೊತ್ತಿನ ಡೇಟಾದ ನಕಲು) ಅವರನ್ನು ಉಳಿಸಿತು. ನಡುವಿನ ಡೇಟಾ ಹೋಗಿದ್ದು ಹೋಯಿತು.

ಹಾಗಾಗಿ ‘ಪಿಜಿ_ಡಂಪ್ --ವರ್ಷನ್’ ಕೊಟ್ಟು ಸರ್ವರ್‌ನ ಆವೃತ್ತಿಯ ಜೊತೆ ಹೋಲಿಸಿ. ಆಮೇಲೆ ಬ್ಯಾಕಪ್ ನಿಜಕ್ಕೂ ವಾಪಸ್ ಬರುತ್ತಾ ನೋಡಲು, ಆದರೆ ಬೇರೆ ಕಂಪ್ಯೂಟರ್‌ನಲ್ಲಿ, ‘ಕ್ರಿಯೇಟ್‌ಡಿಬಿ ಪರೀಕ್ಷೆ’, ಅದರ ಹಿಂದೆಯೇ ‘ಪಿಜಿ_ರಿಸ್ಟೋರ್ -ಡಿ ಪರೀಕ್ಷೆ ಲೆಕ್ಕ.ಡಂಪ್’. ಒಳಗೆ ಹೋಗಿ ನಿನ್ನೆಯ ಕೊನೆಯ ಬಿಲ್ಲು ಇದೆಯಾ ನೋಡಿ. ಸುಮ್ನೆ ಫೈಲ್ ಸೈಜು ನೋಡಿದರೆ ಸಾಲದು. ತಿಂಗಳಿಗೊಮ್ಮೆಯಾದರೂ ಇದನ್ನು ಮಾಡಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ದಿನದ ನಿಗಾ. ‘ಪಿಜಿ_ಈಸ್‌ರೆಡಿ’ ಸರ್ವರ್ ಎದ್ದಿದೆಯಾ ಎಂದು ಒಂದೇ ಸಾಲಿನಲ್ಲಿ ಹೇಳುತ್ತದೆ. ಡಿಸ್ಕ್‌ನಲ್ಲಿ ಎಷ್ಟು ಜಾಗ ಉಳಿದಿದೆ ಎಂದು ‘ಡಿಎಫ್ -ಎಚ್’ ತೋರಿಸುತ್ತದೆ. ಎಲ್ಲಕ್ಕಿಂತ ಉಪಯೋಗದ್ದು, ಡೇಟಾಬೇಸ್ ಜೊತೆ ಮಾತಾಡುವ ಟೂಲ್ ‘ಪಿಎಸ್‌ಕ್ಯೂಎಲ್’ ಒಳಗೆ ಸಿಗುವ ‘ಪಿಜಿ_ಸ್ಟ್ಯಾಟ್_ಆ್ಯಕ್ಟಿವಿಟಿ’. ಯಾವ ಕನೆಕ್ಷನ್ ಏನು ಮಾಡುತ್ತಿದೆ ಎಂಬ ಪಟ್ಟಿ ಅದು. ಅದರ ‘ಸ್ಟೇಟ್’ ಕಾಲಂನಲ್ಲಿ ‘ಐಡಲ್ ಇನ್ ಟ್ರಾನ್ಸಾಕ್ಷನ್’ (ಶುರುಮಾಡಿದ ಕೆಲಸ ಮುಗಿಸದೆ ಸುಮ್ಮನಿರುವುದು) ಎಂದು ಗಂಟೆಗಟ್ಟಲೆ ಕೂತಿರುವ ಕನೆಕ್ಷನ್ ಕಂಡರೆ ಹುಷಾರು. ಅದು ಮುಗಿಯುವ ತನಕ ಬದಲಾದ, ಅಳಿಸಿದ ಸಾಲುಗಳ ಹಳೆಯ ಪ್ರತಿಗಳನ್ನು ಪೋಸ್ಟ್‌ಗ್ರೆಸ್‌ನ ಕಸ ತೆಗೆಯುವ ಕಮಾಂಡ್ ವ್ಯಾಕ್ಯೂಮ್ ಗುಡಿಸಲಾರದು, ಟೇಬಲ್ ಊದುತ್ತಲೇ ಹೋಗುತ್ತದೆ. ಆ ಸಾಲಿನ ‘ಪಿಐಡಿ’ ಸಂಖ್ಯೆಯನ್ನು ‘ಪಿಜಿ_ಟರ್ಮಿನೇಟ್_ಬ್ಯಾಕೆಂಡ್’‌ಗೆ ಕೊಟ್ಟು ಕನೆಕ್ಷನ್ ಮುಗಿಸಿ. ಮರುದಿನವೂ ಅದೇ ಕಂಡರೆ, ಆ್ಯಪ್ ಬರೆದವರನ್ನು ಕರೆದು ಕಮಿಟ್ (ಬದಲಾವಣೆ ಪಕ್ಕಾ ಮಾಡಿ ಕೆಲಸ ಮುಗಿಸುವ ಕಮಾಂಡ್) ಎಲ್ಲಿ ಬಿಟ್ಟುಹೋಗಿದೆ ಎಂದು ಹುಡುಕಿಸಿ.