ಸಿಗಡಿ ಟೋಸ್ಟ್: ಗರಿಗರಿಯ ಗುಟ್ಟು ಒಣಗಿಸುವುದರಲ್ಲಿದೆ

ಸಿಗಡಿ ಟೋಸ್ಟ್ ಹೇಗೆ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಎತ್ತುವುದು ಬ್ರೆಡ್ಡಿನ ಮಾತು. ಸಿಗಡಿ ತಾಜಾ ಇರಬೇಕು, ಎಣ್ಣೆ ಹದವಾಗಿ ಕಾದಿರಬೇಕು, ಅದೆಲ್ಲ ಸರಿಯೇ. ಆದರೆ ಕಚ್ಚಿದರೆ ಎಣ್ಣೆ ಜಿನುಗುವುದು, ತಟ್ಟೆಗೆ ಬಂದ ಐದೇ ನಿಮಿಷಕ್ಕೆ ಮೆತ್ತಗಾಗುವುದು, ಇವೆರಡಕ್ಕೂ ಕಾರಣ ಒಂದೇ: ಹಸಿ ಬ್ರೆಡ್ಡು ಮತ್ತು ಒದ್ದೆ ಸಿಗಡಿ. ಬಾಣಲೆಗೆ ಇಳಿಯುವ ಮೊದಲೇ ಟೋಸ್ಟಿನ ಹಣೆಬರಹ ಬರೆದಾಗಿರುತ್ತದೆ.

ಹಾಂಗ್‌ಕಾಂಗಿನ ಶಾಮ್ ಶುಯಿ ಪೋದಲ್ಲಿ ನಮ್ಮ ವಾಸ. ಹುಟ್ಟೂರು ಕುಂದಾಪುರ. ನಮ್ಮೂರ ಕಡೆ ಸಿಗಡಿಗೆ ಚಟ್ಲಿ ಎನ್ನುತ್ತೇವೆ; ಚಟ್ಲಿ ಎಂದರೆ ಸಾರು, ಸುಕ್ಕ, ಒಣ ಚಟ್ಲಿಯ ಚಟ್ನಿ ಎಂದು ಬೆಳೆದವಳು ನಾನು. ಬ್ರೆಡ್ಡಿನ ಮೇಲೆ ಮೆತ್ತಿ ಕರಿಯುವ ಈ ತಿಂಡಿಯನ್ನು ಚಹಾದ ಜೊತೆ ಸಣ್ಣ ಸಣ್ಣ ತಿಂಡಿ ಕೊಡುವ ಇಲ್ಲಿನ ಡಿಮ್ ಸಮ್ ಅಂಗಡಿಗಳಲ್ಲಿ ತಿಂದೆ, ನಮ್ಮ ಕಟ್ಟಡದಲ್ಲಿರುವ ಅಜ್ಜಿಯೊಬ್ಬರಿಂದ ಕಲಿತೆ. ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಸೀಮೆಯ ಅಡುಗೆಮನೆಗಳಲ್ಲಿ ಜಜ್ಜಿದ ಸಿಗಡಿಯ ಮುದ್ದೆಗೆ ಹತ್ತಾರು ಉಪಯೋಗಗಳಿವೆ. ಏಡಿಯ ಕೊಂಬಿಗೆ ಮೆತ್ತಿ ಕರಿಯುತ್ತಾರೆ, ತೋಫುವಿನ ಹೊಟ್ಟೆಗೆ ತುಂಬುತ್ತಾರೆ. ಪಾಶ್ಚಾತ್ಯರ ಬ್ರೆಡ್ಡು ಬಂದ ಮೇಲೆ ಅದೇ ಮುದ್ದೆ ಬ್ರೆಡ್ಡನ್ನೂ ಏರಿತು. ಅಲ್ಲಿಂದ ಜಪಾನಿನ ನಾಗಾಸಾಕಿಗೆ ಹೋಗಿ ಹಾತೋಶಿ ಎಂಬ ಹೆಸರು ಪಡೆಯಿತು. ವಿಯೆಟ್ನಾಮಿಗೆ, ಥಾಯ್ಲೆಂಡಿಗೆ ಹೋಯಿತು. ಬ್ರಿಟನ್ನಿನ ಚೀನೀ ಅಂಗಡಿಗಳಲ್ಲಿ ಮೈತುಂಬಾ ಎಳ್ಳು ಹೊದ್ದುಕೊಂಡಿತು. ಎಳ್ಳಿನ ಮೇಲೆ ನನಗೆ ತಕರಾರಿಲ್ಲ. ಎಳ್ಳಿನ ಮರೆಯಲ್ಲಿ ಸಿಗಡಿಯನ್ನು ಕಾಗದದಷ್ಟು ತೆಳ್ಳಗೆ ಸವರಿ ಕೊಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಬ್ರೆಡ್ಡು ಎಷ್ಟು ದಪ್ಪವೋ ಸಿಗಡಿಯೂ ಅಷ್ಟು ದಪ್ಪ ಇರಬೇಕು.

ಈಗ ಬ್ರೆಡ್ಡಿಗೆ ಬರೋಣ. ಹಾಲು, ಬೆಣ್ಣೆ, ಸಕ್ಕರೆ ಸುರಿದ ಮೆತ್ತನೆಯ ಬ್ರೆಡ್ಡು ಇದಕ್ಕೆ ಆಗುವುದಿಲ್ಲ. ಅದರಲ್ಲಿನ ಸಕ್ಕರೆ ಸಿಗಡಿ ಬೇಯುವ ಮೊದಲೇ ಕಪ್ಪಗಾಗುತ್ತದೆ. ಸಾದಾ ಬಿಳಿ ಬ್ರೆಡ್ಡು ಸಾಕು. ನಾನು ತರುವುದು ಗಾರ್ಡನ್ ಕಂಪನಿಯ ಬ್ರೆಡ್ಡು. 1926ರಲ್ಲಿ ಶುರುವಾದ ಈ ಬೇಕರಿ ನಮ್ಮ ಶಾಮ್ ಶುಯಿ ಪೋದ್ದೇ. ನೀಲಿ ಬಿಳಿ ಚೌಕುಳಿಯ ಮೇಣದ ಕಾಗದ ಸುತ್ತಿದ ಆ ಬ್ರೆಡ್ಡನ್ನು ಇಲ್ಲಿ ಗುರುತಿಸದವರಿಲ್ಲ. ಊರಿನಲ್ಲಿದ್ದರೆ ಬೇಕರಿಯ ಸಾದಾ ಬ್ರೆಡ್ಡನ್ನು ಇಡಿಯಾಗಿ ತಂದು ಮನೆಯಲ್ಲೇ ಕೊಯ್ದುಕೊಳ್ಳುವುದು ಒಳ್ಳೆಯದು. ಹೋಳು ಒಂದು ಸೆಂಟಿಮೀಟರ್ ದಪ್ಪವಿರಲಿ. ಅಂಚು ತೆಗೆದು, ಮೂಲೆಯಿಂದ ಮೂಲೆಗೆ ಕೊಯ್ದರೆ ಎರಡು ತ್ರಿಕೋನ.

ಹಿಂದಿನ ದಿನದ ಬ್ರೆಡ್ಡು ಬಳಸಿ ಎಂದು ಎಲ್ಲರೂ ಹೇಳುತ್ತಾರೆ. ಮಾತು ಸರಿ, ಆದರೆ ಪೊಟ್ಟಣದೊಳಗೇ ಹಳತಾದ ಬ್ರೆಡ್ಡು ಗಡುಸಾಗುತ್ತದೆಯೇ ಹೊರತು ಒಣಗುವುದಿಲ್ಲ. ಹೋಳುಗಳನ್ನು ಗಾಳಿಗೆ ಹರಡಬೇಕು. ಹಾಂಗ್‌ಕಾಂಗಿನಲ್ಲಿ ವಸಂತ ಬಂದರೆ ಅದೂ ಕಷ್ಟ. ಮಾರ್ಚ್, ಏಪ್ರಿಲ್‌ನಲ್ಲಿ ಸಮುದ್ರದ ಕಡೆಯಿಂದ ತೇವದ ಗಾಳಿ ನುಗ್ಗಿ ಗೋಡೆಗಳೇ ಬೆವರುತ್ತವೆ, ನೆಲ ಒರೆಸಿದಷ್ಟೂ ಒದ್ದೆ; ಹರಡಿಟ್ಟ ಬ್ರೆಡ್ಡು ಬೆಳಿಗ್ಗೆಗೆ ಮೊದಲಿಗಿಂತ ಮೆತ್ತಗಾಗಿರುತ್ತದೆ. ಕರಾವಳಿಯ ಆಷಾಢದಲ್ಲಿ ಹಪ್ಪಳದ ಡಬ್ಬಿ ತೆರೆದಿಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂಥ ದಿನಗಳಲ್ಲಿ 100 ಡಿಗ್ರಿ ಸೆಲ್ಸಿಯಸ್ ಓವನ್ನಿನಲ್ಲಿ ಹದಿನೈದು ನಿಮಿಷ ಇಡುತ್ತೇನೆ. ಓವನ್ ಇಲ್ಲದವರು ದಪ್ಪ ಕಾವಲಿಯನ್ನು ಸಣ್ಣ ಉರಿಯಲ್ಲಿಟ್ಟು, ಎಣ್ಣೆ ಸವರದೆ, ಎರಡೂ ಮೈ ಬಿಸಿ ಮಾಡಬಹುದು. ಬಣ್ಣ ತಿರುಗಬಾರದು. ಬೆರಳಿನಿಂದ ಒತ್ತಿದರೆ ಮೇಲ್ಮೈ ಒರಟಾಗಿ ಹತ್ತಬೇಕು, ನಡುವೆ ಒಂದಿಷ್ಟು ಮಿದು ಉಳಿದಿರಬೇಕು. ಇದೇಕೆ ಇಷ್ಟು ಮುಖ್ಯವೆಂದರೆ, ಕರಿಯುವಾಗ ಬ್ರೆಡ್ಡಿನೊಳಗಿನ ನೀರು ಆವಿಯಾಗಿ ಹೊರಟುಹೋಗುತ್ತದೆ, ಖಾಲಿಯಾದ ರಂಧ್ರಗಳಿಗೆ ಎಣ್ಣೆ ನುಗ್ಗುತ್ತದೆ. ನೀರು ಕಡಿಮೆಯಿದ್ದಷ್ಟೂ ಬ್ರೆಡ್ಡು ಬೇಗ ಗರಿಯಾಗುತ್ತದೆ, ಎಣ್ಣೆಯಲ್ಲಿ ಹೆಚ್ಚು ಹೊತ್ತು ಕೂರುವುದಿಲ್ಲ.

ಸಿಗಡಿಯನ್ನು ಇಲ್ಲಿ ಜೀವಂತವಾಗಿ ಮಾರುತ್ತಾರೆ. ಪೈ ಹೋ ರಸ್ತೆಯ ಮಾರುಕಟ್ಟೆಯಲ್ಲಿ ಗಾಳಿ ಗುಳ್ಳೆ ಏಳುವ ತೊಟ್ಟಿಗಳಿಂದ ಜಾಲರಿಯಲ್ಲಿ ಮೊಗೆದು, ನೀರು ಬಸಿದು ತೂಗಿ ಕೊಡುತ್ತಾರೆ. ಲೆಕ್ಕ ಕ್ಯಾಟಿಯಲ್ಲಿ, ಒಂದು ಕ್ಯಾಟಿ ಎಂದರೆ ಸುಮಾರು 600 ಗ್ರಾಂ. ತಲೆ, ಸಿಪ್ಪೆ, ಬೆನ್ನಿನ ಕಪ್ಪು ನರ ತೆಗೆದರೆ ಉಳಿಯುವುದು ಹೆಚ್ಚುಕಡಿಮೆ ಅರ್ಧ. ಆ 300 ಗ್ರಾಂ ಮಾಂಸ ಎಂಟು ಹೋಳು ಬ್ರೆಡ್ಡಿಗೆ, ಅಂದರೆ ಹದಿನಾರು ತ್ರಿಕೋನಕ್ಕೆ ಸಾಲುತ್ತದೆ. ಮಧ್ಯಮ ಗಾತ್ರದ ಸಿಗಡಿಯೇ ಸಾಕು. ಹೇಗೂ ಜಜ್ಜುವುದಕ್ಕೆ ದೊಡ್ಡದಕ್ಕೆ ದುಡ್ಡು ಸುರಿಯಬೇಕಾಗಿಲ್ಲ.

ಸುಲಿದ ಸಿಗಡಿಗೆ ಅರ್ಧ ಚಮಚ ಉಪ್ಪು, ಒಂದು ಚಮಚ ಕಾರ್ನ್‌ಫ್ಲೋರ್ ಹಾಕಿ ಚೆನ್ನಾಗಿ ತಿಕ್ಕುತ್ತೇನೆ. ಬೂದುಬಣ್ಣದ ಲೋಳೆ ಬಿಡುತ್ತದೆ. ತಣ್ಣೀರಿನಲ್ಲಿ ತೊಳೆದು, ನೀರು ತಿಳಿಯಾಗುವವರೆಗೆ ಬದಲಿಸಿ, ಬಟ್ಟೆಯ ಮೇಲೆ ಹರಡಿ ಒತ್ತಿ ಒರೆಸಿ, ಮುಚ್ಚದೆ ಒಂದು ಗಂಟೆ ಫ್ರಿಜ್ಜಿನಲ್ಲಿಡುತ್ತೇನೆ. ಫ್ರಿಜ್ಜಿನ ಒಣ ಗಾಳಿ ಮೇಲಿನ ಪಸೆಯನ್ನು ಎಳೆದುಕೊಳ್ಳುತ್ತದೆ, ಮಾಂಸವೂ ತಣ್ಣಗಾಗುತ್ತದೆ. ಮುಟ್ಟಿದರೆ ಬೆರಳಿಗೆ ನೀರು ಹತ್ತಬಾರದು, ಸ್ವಲ್ಪ ಅಂಟಬೇಕು. ಹೆಪ್ಪುಗಟ್ಟಿಸಿದ ಸಿಗಡಿಯಾದರೆ ಕಾಲು ಚಮಚ ಅಡುಗೆ ಸೋಡಾ ಸವರಿ ಹದಿನೈದು ನಿಮಿಷ ಬಿಟ್ಟು ತೊಳೆಯಿರಿ, ಕಚ್ಚುವಾಗ ಗಟ್ಟಿತನ ಬರುತ್ತದೆ. ಜೀವಂತ ಸಿಗಡಿಗೆ ಸೋಡಾ ಸೋಕಿಸಬೇಡಿ. ಅದರ ಸಿಹಿ ಕೆಡುತ್ತದೆ.

ಮುಂದಿನದು ಈ ಅಡುಗೆಯಲ್ಲಿ ನನಗೆ ತುಂಬ ಪ್ರಿಯವಾದ ಭಾಗ. ಮಿಕ್ಸಿ ಬೇಡ. ಅದರ ಅಲಗು ಮಾಂಸವನ್ನು ಬಿಸಿ ಮಾಡಿ ಹಿಟ್ಟಾಗಿಸುತ್ತದೆ. ಮೂರರಲ್ಲಿ ಎರಡು ಭಾಗ ಸಿಗಡಿಯನ್ನು ಅಗಲ ಕತ್ತಿಯ ಮಗ್ಗುಲಿನಿಂದ ಒಂದೊಂದಾಗಿ ಒತ್ತಿ ಜಜ್ಜಿ, ಬಳಿಕ ಕತ್ತಿಯ ಹಿಂಬದಿಯಿಂದ ಕೊಚ್ಚುತ್ತೇನೆ. ಉಳಿದ ಒಂದು ಭಾಗವನ್ನು ಬಟಾಣಿ ಗಾತ್ರಕ್ಕೆ ಹೆಚ್ಚಿ ಬೇರೆ ಇಡುತ್ತೇನೆ. ತಿನ್ನುವಾಗ ಬಾಯಿಗೆ ಸಿಗಡಿ ಎಂದು ಸಿಗುವುದು ಇದೇ. ಜಜ್ಜಿದ್ದನ್ನು ಬೋಗುಣಿಗೆ ಹಾಕಿ ಮೊದಲು ಅರ್ಧ ಚಮಚ ಉಪ್ಪು ಮಾತ್ರ ಸೇರಿಸಿ, ಕೈಯಿಂದ ಒಂದೇ ದಿಕ್ಕಿನಲ್ಲಿ ತಿರುವಬೇಕು. ಉಪ್ಪು ಮಾಂಸದೊಳಗಿನ ಮಯೋಸಿನ್ ಎಂಬ ಪ್ರೋಟೀನನ್ನು ಕರಗಿಸಿ ಹೊರತರುತ್ತದೆ, ಅದೇ ಅಂಟು. ಆಮೇಲೆ ಮುದ್ದೆಯನ್ನು ಎತ್ತಿ ಬೋಗುಣಿಗೆ ರಪ್ಪನೆ ಬಡಿಯಬೇಕು.

ನಮ್ಮ ಕಟ್ಟಡದ ಆ ಅಜ್ಜಿ ಇದನ್ನು ಕಲಿಸಿದ್ದು ಕಿವಿಯಿಂದ. ಇಲ್ಲಿ ವಯಸ್ಸಾದ ಹೆಂಗಸರನ್ನು ಪೋ ಪೋ ಎಂದು ಕರೆಯುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ. ನಾನು ಬಡಿಯುತ್ತಿದ್ದಾಗ ಅವರು ಬೆನ್ನು ಹಾಕಿಕೊಂಡು ಸಿಂಕಿನಲ್ಲಿ ಸೊಪ್ಪು ತೊಳೆಯುತ್ತಿದ್ದರು. “ಇಷ್ಟು ಸಾಕೇ ಪೋ ಪೋ?” ಎಂದು ಇಲ್ಲಿನವರ ಭಾಷೆಯಾದ ಕ್ಯಾಂಟನೀಸ್‌ನಲ್ಲಿ, ನನಗೆ ಬರುವಷ್ಟರಲ್ಲಿ ಕೇಳಿದೆ. “ಇನ್ನೂ ಒದ್ದೆ ಸದ್ದು ಬರುತ್ತಿದೆ, ಬಡಿ,” ಎಂದರು, ತಿರುಗಿಯೂ ನೋಡದೆ. ಮೊದಮೊದಲು ಸದ್ದು ಪಚಪಚ ಎನ್ನುತ್ತಿತ್ತು. ಬಡಿಯುತ್ತ ಹೋದಂತೆ ಮುದ್ದೆ ಬಿಗಿದು, ಬೋಗುಣಿಯ ಗೋಡೆಗೆ ಮೆತ್ತಿಕೊಳ್ಳುವುದನ್ನು ಬಿಟ್ಟು ಇಡಿಯಾಗಿ ಎದ್ದು ಬರತೊಡಗಿತು. ಸದ್ದು ಗಟ್ಟಿಯಾದ ಏಟಿನಂತಾಯಿತು. ಆಗ ನೀರು ನಿಲ್ಲಿಸಿ ಕೈ ಒರೆಸಿಕೊಂಡು ಬಂದರು, ಒಂದು ಚೂರು ಚಿವುಟಿ ಅಂಗೈಗೆ ಅಂಟಿಸಿ ಕೈ ಮಗುಚಿದರು. ಬೀಳಲಿಲ್ಲ. ಈಗಲೂ ನಾನು ಅದನ್ನೇ ಮಾಡಿ ನೋಡುತ್ತೇನೆ. ಅಂಗೈ ಮಗುಚಿದಾಗ ಬೀಳದ ಮುದ್ದೆ ಎಣ್ಣೆಯಲ್ಲಿ ಬ್ರೆಡ್ಡನ್ನು ಬಿಡುವುದಿಲ್ಲ, ಬೆಂದ ಮೇಲೆ ಹಲ್ಲಿಗೆ ಪುಟಿಯುತ್ತದೆ.

ಅಂಟು ಬಂದ ಮೇಲೆ ಉಳಿದದ್ದು: ಅರ್ಧ ಚಮಚ ಸಕ್ಕರೆ, ಕಾಲು ಚಮಚ ಬಿಳಿ ಮೆಣಸಿನ ಪುಡಿ, ಒಂದು ಮೊಟ್ಟೆಯ ಬಿಳಿಯಲ್ಲಿ ಅರ್ಧ, ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್, ಹಿಂಡಿದ ಶುಂಠಿಯ ರಸ ಕೆಲವು ಹನಿ, ಈರುಳ್ಳಿ ಸೊಪ್ಪಿನ ಬಿಳಿ ಭಾಗ ಸಣ್ಣಗೆ ಹೆಚ್ಚಿದ್ದು. ಕೊನೆಗೆ ಒಂದು ಚಮಚ ಎಳ್ಳೆಣ್ಣೆ. ಇದು ನಮ್ಮ ಗಾಣದ ಎಳ್ಳೆಣ್ಣೆಯಲ್ಲ, ಹುರಿದ ಎಳ್ಳಿನಿಂದ ತೆಗೆದ ಕಂದು ಬಣ್ಣದ ಎಣ್ಣೆ, ಪರಿಮಳ ಬೇರೆಯೇ. ಕ್ಯಾಂಟನೀಸ್ ಮನೆಗಳಲ್ಲಿ ಹಂದಿಯ ಬಿಳಿ ಕೊಬ್ಬನ್ನೂ ಸಣ್ಣಗೆ ಹೆಚ್ಚಿ ಸೇರಿಸುತ್ತಾರೆ, ಅದು ಕರಗಿ ಸಿಗಡಿಯನ್ನು ಒಣಗದಂತೆ ಕಾಯುತ್ತದೆ. ಅದನ್ನು ತಿನ್ನದವರು ಮನೆಗೆ ಬಂದಾಗ ಒಂದು ದೊಡ್ಡ ಚಮಚ ಶೇಂಗಾ ಎಣ್ಣೆ ಬೆರೆಸುತ್ತೇನೆ. ಕ್ಯಾಂಟನೀಸ್ ಅಡುಗೆಗೆ ಶೇಂಗಾ ಎಣ್ಣೆ ಹೊಸದೇನಲ್ಲ, ಅವರ ಬಾಣಲೆಗೆ ಬೀಳುವುದೂ ಅದೇ.

ಬಾಯಿಗೆ ಕರುಮ್ ಎನ್ನಲು ವಾಟರ್ ಚೆಸ್ಟ್‌ನಟ್ ಬೇಕು. ಉತ್ತರ ಭಾರತದ ಸಿಂಘಾಡವನ್ನು ಇದೇ ಎಂದು ತಿಳಿಯಬೇಡಿ. ಎರಡೂ ನೀರಿನಲ್ಲಿ ಬೆಳೆಯುತ್ತವೆ ನಿಜ, ಆದರೆ ಗಿಡ ಬೇರೆ. ಚೀನಾದ್ದು ಕೆಸರಿನೊಳಗಿನ ಗೆಡ್ಡೆ, ಸಿಂಘಾಡ ಕೊಂಬಿರುವ ಕಾಯಿ. ನಾಲ್ಕೈದು ಗೆಡ್ಡೆ ಸಿಪ್ಪೆ ತೆಗೆದು ಹೆಚ್ಚಿ, ಬಟ್ಟೆಯಲ್ಲಿ ಕಟ್ಟಿ ನೀರು ಹಿಂಡಿ ಸೇರಿಸುತ್ತೇನೆ. ರಜೆಗೆ ಊರಿಗೆ ಹೋದಾಗ ಇದು ಸಿಗದಿದ್ದರೆ ಎಳೆಯ ನವಿಲುಕೋಸನ್ನು ಹಾಗೆಯೇ ಹೆಚ್ಚಿ ಹಿಂಡಿ ಹಾಕಿದ್ದೇನೆ, ಕರುಮ್ ಎನ್ನುವ ಗುಣಕ್ಕೆ ಕೊರತೆಯಾಗಲಿಲ್ಲ. ಕೊನೆಯಲ್ಲಿ ಬೇರೆ ಇಟ್ಟ ಸಿಗಡಿ ಚೂರುಗಳನ್ನು ಬೆರೆಸಿ ಮುದ್ದೆಯನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಡಬೇಕು.

ಬ್ರೆಡ್ಡಿನ ಒಂದು ಮೈಗೆ ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ, ಮುದ್ದೆಯನ್ನು ನಡುವೆ ದಿಬ್ಬದಂತೆ, ಅಂಚಿಗೆ ಇಳಿಜಾರಾಗಿ ಮೆತ್ತಿ. ಒದ್ದೆ ಚಮಚದ ಬೆನ್ನಿನಿಂದ ಅಂಚನ್ನು ಒತ್ತಿ ಮುಚ್ಚಿ; ಸಂದು ಉಳಿದರೆ ಅಲ್ಲಿಂದಲೇ ಎಣ್ಣೆ ಒಳಗೆ ಹೋಗುತ್ತದೆ. ಬೇಕಿದ್ದರೆ ಬಿಳಿ ಎಳ್ಳಿನ ತಟ್ಟೆಗೆ ಮುಖ ಮಾಡಿ ಒತ್ತಿ. ಎಳ್ಳನ್ನು ಮೊದಲೇ ಹುರಿಯಬಾರದು, ಕಹಿಯಾಗುತ್ತದೆ.

ಕರಿಯಲು ಎರಡು ಇಂಚು ಆಳ ಎಣ್ಣೆ, ಕಾವು 160ರಿಂದ 165 ಡಿಗ್ರಿ. ಥರ್ಮಾಮೀಟರ್ ಇಲ್ಲದಿದ್ದರೆ ಮರದ ಕಡ್ಡಿ ಅದ್ದಿ ನೋಡಿ. ಸುತ್ತ ಸಣ್ಣ ಗುಳ್ಳೆಗಳು ಬಿಡದೆ ಏಳುತ್ತಿದ್ದರೆ ಹದ ಬಂದಿದೆ. ಭೋರೆಂದು ಉಕ್ಕಿದರೆ ಉರಿ ಹೆಚ್ಚಾಯಿತು. ಸಿಗಡಿಯ ಮುಖ ಕೆಳಗೆ ಮಾಡಿಯೇ ಬಿಡಬೇಕು. ಬೇಯಬೇಕಾದದ್ದು ಸಿಗಡಿ, ಬ್ರೆಡ್ಡಿಗೆ ಬಣ್ಣ ಬಂದರೆ ಸಾಕು. ಎರಡು ನಿಮಿಷದಲ್ಲಿ ಮುದ್ದೆಯ ಅಂಚು ಪಾರದರ್ಶಕ ಬೂದುಬಣ್ಣ ಬಿಟ್ಟು ಬಿಳಿ ಗುಲಾಬಿಗೆ ತಿರುಗುತ್ತದೆ. ಆಗ ಮಗುಚಿ ಒಂದು ನಿಮಿಷ. ಒಮ್ಮೆಗೆ ನಾಲ್ಕಕ್ಕಿಂತ ಹೆಚ್ಚು ಬಿಡಬೇಡಿ, ಎಣ್ಣೆ ತಣಿಯುತ್ತದೆ. ಎಲ್ಲವನ್ನೂ ಹೀಗೆ ತೆಗೆದಿಟ್ಟು, ಎಣ್ಣೆಯನ್ನು 185ರವರೆಗೆ ಕಾಯಿಸಿ, ಬ್ರೆಡ್ಡಿನ ಮೈ ಕೆಳಗೆ ಮಾಡಿ ಹದಿನೈದು ಸೆಕೆಂಡು ಮತ್ತೆ ಬಿಡುತ್ತೇನೆ. ಈ ಎರಡನೆಯ ಮುಳುಗು ತಪ್ಪಿಸಬೇಡಿ. ಮೊದಲ ಕರಿಯುವಿಕೆಯ ನಂತರ ಸಿಗಡಿಯಿಂದ ಬ್ರೆಡ್ಡಿಗೆ ಇಳಿದ ಪಸೆಯನ್ನು ಇದು ಓಡಿಸುತ್ತದೆ.

ತೆಗೆದದ್ದನ್ನು ಕಾಗದದ ಮೇಲೆ ಮಲಗಿಸಬೇಡಿ. ಕೆಳಗೆ ಹಬೆ ಸಿಕ್ಕಿಕೊಂಡು ಇಷ್ಟೂ ಶ್ರಮ ನೀರುಪಾಲಾಗುತ್ತದೆ. ತಂತಿಯ ಜಾಲರಿಯ ಮೇಲೆ ಒಂದಕ್ಕೊಂದು ಒರಗಿಸಿ ನಿಲ್ಲಿಸುತ್ತೇನೆ, ಎಣ್ಣೆ ಮೂಲೆಯಿಂದ ಇಳಿದುಹೋಗುತ್ತದೆ. ಇಲ್ಲಿ ಜೊತೆಗೆ ಹುಳಿಸಿಹಿ ಸಾಸ್ ಅಥವಾ ಮೇಯನೇಸ್ ಕೊಡುತ್ತಾರೆ. ನನ್ನ ಆಯ್ಕೆ ವೂಸ್ಟರ್ ಸಾಸ್, ಇಂಗ್ಲೆಂಡ್ ಮೂಲದ ತೆಳು ಕಂದು ಸಾಸ್. ಹಾಂಗ್‌ಕಾಂಗಿನವರು ಕರಿದ ಸ್ಪ್ರಿಂಗ್ ರೋಲಿಗೂ ಅದನ್ನು ಹಚ್ಚಿಕೊಳ್ಳುತ್ತಾರೆ, ಅದರ ಹುಳಿ ಎಣ್ಣೆಯ ಜಿಡ್ಡನ್ನು ಕತ್ತರಿಸುತ್ತದೆ.

ಮುದ್ದೆ ಮೆತ್ತಿದ ತ್ರಿಕೋನಗಳನ್ನು ಕರಿಯದೆ ತಟ್ಟೆಯ ಮೇಲೆ ಒಂದಕ್ಕೊಂದು ತಾಗದಂತೆ ಫ್ರೀಜರಿನಲ್ಲಿಟ್ಟು, ಗಟ್ಟಿಯಾದ ಮೇಲೆ ಡಬ್ಬಿಗೆ ತುಂಬಿದರೆ ಎರಡು ಮೂರು ವಾರ ಚೆನ್ನಾಗಿರುತ್ತವೆ. ಕರಗಿಸಲು ಹೋಗಬೇಡಿ, ಬ್ರೆಡ್ಡು ನೀರು ಕುಡಿಯುತ್ತದೆ. ಹೆಪ್ಪುಗಟ್ಟಿದಂತೆಯೇ 150 ಡಿಗ್ರಿಯ ಎಣ್ಣೆಗೆ ಸಿಗಡಿಯ ಮುಖ ಕೆಳಗೆ ಮಾಡಿ ಬಿಟ್ಟು, ನಾಲ್ಕು ನಿಮಿಷ ಕೊಡಿ. ಒಂದನ್ನು ಮುರಿದು ನೋಡಿ, ನಡುವೆ ಬೂದುಬಣ್ಣ ಉಳಿದಿಲ್ಲವೆಂದು ಖಾತ್ರಿಯಾದ ಮೇಲೆ ಉಳಿದದ್ದನ್ನು ಕಾವು ಏರಿಸಿದ ಎಣ್ಣೆಗೆ ಮತ್ತೆ ಬಿಡಿ.