ಅರ್ಜಿಯಲ್ಲಿ ಎಚ್-ಇಂಡೆಕ್ಸ್ ಬರೆಯುವ ಮುನ್ನ

ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕುವ ವಿಜ್ಞಾನ ಸಂಶೋಧಕರು ಎಷ್ಟೋ ಕಡೆ ಪ್ರಬಂಧಗಳ ಪಟ್ಟಿಯ ಜೊತೆಗೆ ಎಚ್-ಇಂಡೆಕ್ಸ್, ಒಟ್ಟು ಉಲ್ಲೇಖಗಳ (ಬೇರೆ ಪ್ರಬಂಧಗಳು ಅವನ್ನು ಆಧಾರವಾಗಿ ಹೆಸರಿಸಿದ್ದರ) ಸಂಖ್ಯೆ, ನಿಯತಕಾಲಿಕದ ಇಂಪ್ಯಾಕ್ಟ್ ಫ್ಯಾಕ್ಟರ್ ಇವನ್ನೂ ತುಂಬಬೇಕಾಗುತ್ತದೆ. ತುಂಬುವ ಮೊದಲು ಈ ಅಂಕಿಗಳನ್ನು ಒಮ್ಮೆ ಕೈಯಾರೆ ಲೆಕ್ಕ ಹಾಕಿ ನೋಡಿ.

ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಸೂಚಿಸಿದ ಎಚ್-ಇಂಡೆಕ್ಸ್‌ಗೆ ಕಾಗದ, ಪೆನ್ನು ಸಾಕು. ಕನಿಷ್ಠ 3 ಉಲ್ಲೇಖ ಪಡೆದ 3 ಪ್ರಬಂಧಗಳಿದ್ದರೆ ಅದು 3, ಕನಿಷ್ಠ 4 ಪಡೆದ 4 ಇದ್ದರೆ 4. ಪ್ರತಿ ಪ್ರಬಂಧಕ್ಕೆ ಬಂದ ಉಲ್ಲೇಖಗಳನ್ನು ಇಳಿಕೆಯ ಕ್ರಮದಲ್ಲಿ ಬರೆಯಿರಿ: 40, 12, 5, 3, 1 ಎಂದಿರಲಿ. ಮೂರನೆಯದಕ್ಕೆ ಕನಿಷ್ಠ 3 ಉಲ್ಲೇಖಗಳಿವೆ, ನಾಲ್ಕನೆಯದಕ್ಕೆ 4 ಇಲ್ಲ. ಆದ್ದರಿಂದ ಉತ್ತರ 3. ಮೊದಲನೆಯದಕ್ಕೆ 400 ಉಲ್ಲೇಖಗಳು ಬಂದಿದ್ದರೂ ಉತ್ತರ 3ರಲ್ಲೇ ನಿಲ್ಲುತ್ತದೆ. ಒಂದೇ ಪ್ರಶ್ನೆಯ ಬೆನ್ನು ಹತ್ತಿ ವರ್ಷಗಟ್ಟಲೆ ದುಡಿದವರಿಗೆ ಈ ಲೆಕ್ಕ ಅನ್ಯಾಯ ಮಾಡುತ್ತದೆ ಎಂದೇ ನನ್ನ ಅಭಿಪ್ರಾಯ. ಗೂಗಲ್ ಸ್ಕಾಲರ್ ಪಿಎಚ್‌.ಡಿ. ಪ್ರಬಂಧ, ಇನ್ನೂ ತಜ್ಞರ ಪರಿಶೀಲನೆಗೆ ಒಳಗಾಗದ ಪ್ರಿಪ್ರಿಂಟ್‌ಗಳಿಂದ ಬಂದ ಉಲ್ಲೇಖಗಳನ್ನೂ ಎಣಿಸುವುದರಿಂದ ಅಲ್ಲಿನ ಅಂಕಿ ಸಾಮಾನ್ಯವಾಗಿ ಆಯ್ದ ಪ್ರಕಟಣೆಗಳ ದತ್ತಾಂಶಕೋಶವಾದ ಸ್ಕೋಪಸ್‌ನದಕ್ಕಿಂತ ದೊಡ್ಡದಿರುತ್ತದೆ. ಅಂಕಿಯ ಪಕ್ಕದಲ್ಲೇ ಮೂಲವನ್ನೂ ದಿನಾಂಕವನ್ನೂ ನಮೂದಿಸಿ.

ಇಂಪ್ಯಾಕ್ಟ್ ಫ್ಯಾಕ್ಟರ್ ನಿಯತಕಾಲಿಕಕ್ಕೆ ಸೇರಿದ ಸರಾಸರಿ. 2022 ಮತ್ತು 2023ರಲ್ಲಿ ಅದು ಪ್ರಕಟಿಸಿದ್ದಕ್ಕೆ 2024ರಲ್ಲಿ ಬಂದ ಉಲ್ಲೇಖಗಳನ್ನು ಆ ಎರಡು ವರ್ಷಗಳ ಪ್ರಬಂಧಗಳ ಸಂಖ್ಯೆಯಿಂದ ಭಾಗಿಸಿದರೆ 2024ರ ಅಂಕಿ ಸಿಗುತ್ತದೆ. ಗಣಿತದಲ್ಲಿ, ಜೀವಿಗಳ ವರ್ಗೀಕರಣದಲ್ಲಿ ಉಲ್ಲೇಖಗಳು ನಿಧಾನವಾಗಿ ಬರುತ್ತವೆ. ಎರಡೇ ವರ್ಷದ ಈ ಕಿಟಕಿಗೆ ಅವು ಬೀಳುವುದೇ ಕಡಿಮೆ.

ನಿಯಮಗಳೂ ಬದಲಾಗುತ್ತಿರುತ್ತವೆ. ಯುಜಿಸಿ 2010ರಲ್ಲಿ ನೇಮಕ, ಬಡ್ತಿಗಳಿಗೆ ಬೋಧನೆ, ಸಂಶೋಧನೆಗಳನ್ನು ಅಳೆಯುವ ಎಪಿಐ ಅಂಕಗಳನ್ನು ತಂದಿತು, ಪಿಎಚ್‌.ಡಿ. ಸಲ್ಲಿಕೆಗೆ ಮುನ್ನ ಪ್ರಬಂಧ ಪ್ರಕಟಿಸಲೇಬೇಕೆಂಬ ಷರತ್ತನ್ನು 2022ರಲ್ಲಿ ಕೈಬಿಟ್ಟಿತು. ಮಾನ್ಯ ನಿಯತಕಾಲಿಕಗಳ ಕೇರ್ ಪಟ್ಟಿಯನ್ನು 2025ರಲ್ಲಿ ನಿಲ್ಲಿಸಿತು. ಹಿರಿಯರ ಹಳೆಯ ಅನುಭವವನ್ನಷ್ಟೇ ನಂಬದೆ, ನೀವು ಅರ್ಜಿ ಹಾಕುವ ಸಂಸ್ಥೆಯ ಈಗಿನ ಅಧಿಸೂಚನೆಯನ್ನು ಓದಿ.

ಇನ್ನು ಅರ್ಜಿಯ ಜೀವಾಳ. ನಿಯತಕಾಲಿಕದ ಅಂಕಿಯಿಂದ ವ್ಯಕ್ತಿಯ ಸಂಶೋಧನೆಯನ್ನು ಅಳೆಯಬಾರದೆಂದು 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರೂಪುಗೊಂಡ ಡೋರಾ ಘೋಷಣೆ ಹೇಳುತ್ತದೆ. ಅದಕ್ಕೆ ಒಪ್ಪುವಂತೆ ನಿಮ್ಮ ಮೂರು ಅತ್ಯುತ್ತಮ ಪ್ರಬಂಧಗಳನ್ನು ಆರಿಸಿ, ಪ್ರತಿಯೊಂದರ ಕೆಳಗೆ ಎರಡು ವಾಕ್ಯ ಬರೆಯಿರಿ. ‘ಪ್ರತಿಷ್ಠಿತ ನಿಯತಕಾಲಿಕದಲ್ಲಿ ಪ್ರಕಟವಾಗಿದೆ’ ಎಂಬುದು ಸಮಿತಿಗೆ ಏನನ್ನೂ ತಿಳಿಸುವುದಿಲ್ಲ. ‘ಎರಡು ಮಳೆಗಾಲ ಮಲೆನಾಡಿನ ಹಳ್ಳಗಳಲ್ಲಿ ಕಪ್ಪೆಗಳ ಕೂಗನ್ನು ಧ್ವನಿಮುದ್ರಿಸಿ, ಹೋಲುವ ಎರಡು ಪ್ರಭೇದಗಳನ್ನು ಕೂಗಿನಿಂದಲೇ ಗುರುತಿಸುವ ಬಗೆಯನ್ನು ತೋರಿಸಿದ್ದೇವೆ, ಧ್ವನಿಮುದ್ರಣ ಮತ್ತು ವಿಶ್ಲೇಷಣೆ ನನ್ನದು’ ಎಂದು ಬರೆದರೆ, ಐವರು ಲೇಖಕರ ನಡುವೆ ನಿಮ್ಮ ಪಾಲು ಎಷ್ಟೆಂಬುದು ಸಂದರ್ಶನಕ್ಕೆ ಮೊದಲೇ ಸಮಿತಿಗೆ ಗೊತ್ತಾಗುತ್ತದೆ.