ಎಂಟು ಪುಟ, ಏಳು ಮಡಿಕೆ: ಕೈಯಲ್ಲೇ ಕಟ್ಟುವ ಫೋಟೊ ಪುಸ್ತಕ

ಅಡ್ಡಲಾಗಿ ತೆಗೆದ ಒಂದು ಫೋಟೊವನ್ನು ಪ್ರಿಂಟ್ ಮಾಡಿ, ನಟ್ಟನಡುವೆ ಮಡಚಿ ನೋಡಿ. ಅರ್ಧ ಕಾಣುವಾಗ ಅದು ಒಂದು ಚಿತ್ರ, ನಿಧಾನಕ್ಕೆ ಬಿಡಿಸಿದರೆ ಇನ್ನೊಂದು. ಗೋಡೆಗೆ ತೂಗುಹಾಕಿದ ಫೋಟೊದಲ್ಲಿ ಈ ಆಟ ಇಲ್ಲ, ಆಲ್ಬಮ್ಮಿನಲ್ಲೂ ಇಲ್ಲ. ಆಲ್ಬಮ್ ಫೋಟೊಗಳನ್ನು ಇಟ್ಟುಕೊಳ್ಳುವ ಡಬ್ಬಿ ಮಾತ್ರ. ಕಲಾವಿದರೇ ಕಲಾಕೃತಿಯಾಗಿ ಕಟ್ಟುವ ಪುಸ್ತಕದಲ್ಲಿ ಮಡಿಕೆ, ಕಾಗದ, ಹೊದಿಕೆ ಎಲ್ಲವೂ ಚಿತ್ರದ ಭಾಗವೇ.

ಈ ಯೋಚನೆ ಹಳೆಯದು. ಇಂಗ್ಲೆಂಡಿನ ಸಸ್ಯತಜ್ಞೆ ಆನಾ ಅಟ್ಕಿನ್ಸ್ 1843ರಲ್ಲೇ ಕಡಲಪಾಚಿಗಳನ್ನು ಬಿಸಿಲು ತಾಗಿದರೆ ನೀಲಿಯಾಗುವ ಸಯನೋಟೈಪ್ ಹಾಳೆಗಳ ಮೇಲೆ ಮೂಡಿಸಿ, ಕಂತುಕಂತಾಗಿ ಪುಸ್ತಕ ಮಾಡಿ ಹಂಚತೊಡಗಿದ್ದರು. ಅದರೊಳಗಿನ ಬರಹವೂ ನೀಲಿಯಲ್ಲಿ ಮೂಡಿದ ಅವರ ಕೈಬರಹವೇ. 1966ರಲ್ಲಿ ಅಮೆರಿಕದ ಕಲಾವಿದ ಎಡ್ ರುಶೇ ಲಾಸ್ ಏಂಜಲಿಸ್‌ನ ಸನ್‌ಸೆಟ್ ಸ್ಟ್ರಿಪ್ ಬೀದಿಯ ಎರಡೂ ಬದಿಯ ಕಟ್ಟಡಗಳನ್ನು ಸುಮಾರು 25 ಅಡಿ ಉದ್ದದ ಮಡಿಕೆ ಪಟ್ಟಿಯಲ್ಲಿ ತಂದರು. ಬೀದಿ ಉದ್ದಕ್ಕಿದೆ, ಪುಸ್ತಕವೂ ಉದ್ದಕ್ಕಿದೆ. ಅದನ್ನು ಬಿಡಿಸುತ್ತಾ ಹೋದರೆ ಆ ಬೀದಿಯಲ್ಲಿ ನಡೆದಂತೆ.

ನಾವಿಲ್ಲಿ ಮಾಡುವುದು ಅದೇ ಅಕಾರ್ಡಿಯನ್ ಮಡಿಕೆಯ, ಅಂದರೆ ಒಮ್ಮೆ ಮುಂದಕ್ಕೆ ಒಮ್ಮೆ ಹಿಂದಕ್ಕೆ ಮಡಚಿದ ಪಟ್ಟಿಯ ಪುಟ್ಟ ಪುಸ್ತಕ. ಹೊಲಿಗೆ ಬೇಡ. ಪುಟದ ಅಗಲ 12 ಸೆಂ.ಮೀ., ಎತ್ತರ 16 ಸೆಂ.ಮೀ. ಈ ಅಳತೆಗೆ ಕಾರಣವಿದೆ: ಎರಡು ಪುಟ ಸೇರಿದರೆ 24×16, ಅಂದರೆ 3:2. ಹೆಚ್ಚಿನ ಡಿಎಸ್‌ಎಲ್‌ಆರ್, ಮಿರರ್‌ಲೆಸ್ ಕ್ಯಾಮೆರಾಗಳ ಚೌಕಟ್ಟೂ ಇದೇ. ಅಂಥ ಒಂದು ಅಡ್ಡ ಫೋಟೊ ಕತ್ತರಿಸದೆ ಎರಡು ಪುಟ ತುಂಬುತ್ತದೆ.

ಮೊದಲು ಸಾಲು, ಆಮೇಲೆ ಅಂಟು

ಇಪ್ಪತ್ತು ಫೋಟೊ ಆರಿಸಿ. ಬೆಂಕಿಪೊಟ್ಟಣದಷ್ಟು ಚಿಕ್ಕದಾಗಿ ಪ್ರಿಂಟ್ ಮಾಡಿ ನೆಲದ ಮೇಲೆ ಹರಡಿ. ಕಂಪ್ಯೂಟರ್ ಪರದೆಯಲ್ಲಿ ಈ ಕೆಲಸ ಆಗುವುದಿಲ್ಲ. ಕೈ ಚಿತ್ರವನ್ನು ಎತ್ತಿ ಇನ್ನೊಂದರ ಪಕ್ಕ ಇಟ್ಟಾಗಲೇ ಕಣ್ಣಿಗೆ ಹೊಳೆಯುವುದು. ತೆಗೆದ ದಿನಾಂಕದ ಕ್ರಮವನ್ನು ಮರೆತುಬಿಡಿ. ಒಂದು ಚಿತ್ರದ ಬಲ ಅಂಚಿನಲ್ಲಿ ಹೊರಗೆ ಓಡುವ ಗೆರೆ ಮುಂದಿನ ಚಿತ್ರದ ಎಡ ಅಂಚಿನಲ್ಲಿ ಒಳಗೆ ಬರುತ್ತದೆಯೇ ನೋಡಿ. ನೆರಳು ನೆರಳನ್ನು ಹುಡುಕಲಿ. ತುಂಬಿದ ಚಿತ್ರದ ಪಕ್ಕಕ್ಕೆ ಖಾಲಿ ಆಕಾಶ ಬರಲಿ.

ಎರಡು ಪುಟಕ್ಕೆ ಹರಡುವ ಚಿತ್ರದಲ್ಲಿ ಮಡಿಕೆ ಎಲ್ಲಿ ಬೀಳುತ್ತದೆ ಎಂಬುದೇ ದೊಡ್ಡ ಪ್ರಶ್ನೆ. ಮುಖದ ಮೇಲೆ ಬಿದ್ದರೆ ಮುಖ ಸೀಳುತ್ತದೆ. ದಾರಿ, ದಿಗಂತ, ಗೋಡೆಯ ಮೂಲೆ, ಬಾಗಿಲ ಚೌಕಟ್ಟು ಮಡಿಕೆಯನ್ನು ಚೆನ್ನಾಗಿ ತಡೆದುಕೊಳ್ಳುತ್ತವೆ. ಗೋಡೆಯ ಮೂಲೆ ಸರಿಯಾಗಿ ಮಡಿಕೆಯ ಮೇಲೇ ಬಂದರೆ, ಪುಸ್ತಕ ಅರ್ಧ ತೆರೆದಾಗ ಕಾಗದದಲ್ಲೇ ಒಂದು ಕೋಣೆ ನಿಂತಂತೆ ಕಾಣುತ್ತದೆ. ನನಗೆ ಈ ಮಾದರಿಯಲ್ಲಿ ಅತ್ಯಂತ ಇಷ್ಟವಾದದ್ದು ಇದೇ. ಇಡೀ ಪುಸ್ತಕಕ್ಕೆ ಅಂಥದ್ದೊಂದು ಸಾಕು.

ಪುಟ ಎಂಟೇ. ಒಂದೆರಡು ಪುಟ ಖಾಲಿ ಬಿಡಲು ಹಿಂಜರಿಯಬೇಡಿ.

ಕಾಗದದ ಎಳೆ

ಹೊಳಪಿನ ಫೋಟೊ ಕಾಗದ ಬೇಡ, ಮಡಚಿದರೆ ಮೇಲಿನ ಲೇಪ ಬಿರಿದು ಬಿಳಿ ಗೆರೆ ಮೂಡುತ್ತದೆ. 160ರಿಂದ 200 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ತೂಕದ, ಹೊಳಪಿಲ್ಲದ ಮ್ಯಾಟ್ ಕಾಗದ ತೆಗೆದುಕೊಳ್ಳಿ.

ಕಾಗದಕ್ಕೆ ಎಳೆ ಇದೆ. ತಯಾರಾಗುವಾಗ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗುತ್ತವೆ. ಆ ದಿಕ್ಕಿಗೆ ಸಮಾನಾಂತರವಾಗಿ ಮಡಚಿದರೆ ಮಡಿಕೆ ನಯ, ಅಡ್ಡಲಾಗಿ ಮಡಚಿದರೆ ಒರಟು. ನನ್ನ ಮೊದಲ ಪುಸ್ತಕಕ್ಕೆ ಇದನ್ನು ನೋಡದೆ ಕತ್ತರಿಸಿದ್ದೆ. ಏಳೂ ಮಡಿಕೆ ಹರಳುಗಟ್ಟಿದಂತೆ ಬಿರಿದವು, ಮುಚ್ಚಿಟ್ಟರೂ ಪುಸ್ತಕ ತಾನಾಗಿ ತೆರೆದುಕೊಳ್ಳುತ್ತಿತ್ತು. ಹಾಳೆಯನ್ನು ಎರಡೂ ಕಡೆಗೆ ಮೆಲ್ಲಗೆ ಬಾಗಿಸಿ ನೋಡಿ, ಸುಲಭವಾಗಿ ಬಾಗುವಾಗ ಮೂಡುವ ಮಡಿಕೆಯ ದಿಕ್ಕೇ ಎಳೆಯ ದಿಕ್ಕು. ಗೊತ್ತಾಗದಿದ್ದರೆ ಒಂದು ಚೂರಿನ ಒಂದು ಬದಿಗೆ ನೀರು ಸವರಿ. ಅದು ಕೊಳವೆಯಂತೆ ಸುರುಳಿಯಾಗುತ್ತದೆ, ಎಳೆ ಕೊಳವೆಯ ಉದ್ದಕ್ಕಿದೆ.

ನಮ್ಮ ಪುಸ್ತಕದಲ್ಲಿ ಎಳೆ 16 ಸೆಂ.ಮೀ. ಎತ್ತರದ ದಿಕ್ಕಿಗೆ ಇರಬೇಕು. ಎಳೆ ಉದ್ದಕ್ಕೆ ಓಡುವ ಎ3 ಹಾಳೆಯಲ್ಲಿ 25×16 ಸೆಂ.ಮೀ. ಅಳತೆಯ ಎರಡು ಪಟ್ಟಿ ಬರುತ್ತವೆ, ಹಾಗಾಗಿ ಎರಡು ಹಾಳೆ ಸಾಕು. ಎಳೆ ಅಡ್ಡಕ್ಕಿದ್ದರೆ ಹಾಳೆಗೊಂದೇ ಪಟ್ಟಿ, ನಾಲ್ಕು ಹಾಳೆ ಬೇಕು. 25ರಲ್ಲಿ 24 ಚಿತ್ರಕ್ಕೆ, ಬಲತುದಿಯ 1 ಸೆಂ.ಮೀ. ಜೋಡಿಸುವ ನಾಲಿಗೆಗೆ. ಪ್ರಿಂಟ್ ಆದಮೇಲೆ ಒಂದು ಇಡೀ ದಿನ ಆರಲು ಬಿಡಿ.

ಮಡಿಕೆ, ಜೋಡಣೆ

ಪ್ರತಿ ಪಟ್ಟಿಯ ಹಿಂಬದಿಯಲ್ಲಿ ಚಿತ್ರದ ಎಡ ಅಂಚಿನಿಂದ 12 ಮತ್ತು 24 ಸೆಂ.ಮೀ. ದೂರಕ್ಕೆ ಗುರುತು ಹಾಕಿ. ಹಿಂಬದಿಯಿಂದ ನೋಡುವಾಗ ಎಡಬಲ ತಿರುಗಿರುತ್ತದೆ, ಎಚ್ಚರ. ಸ್ಟೀಲ್ ಸ್ಕೇಲ್ ಇಟ್ಟು ಬೋನ್ ಫೋಲ್ಡರ್‌ನಿಂದ (ಕಾಗದ ಗೀರಿ ಮಡಚುವ ಮೊಂಡು ಪಟ್ಟಿ), ಅದಿಲ್ಲದಿದ್ದರೆ ಮೊಂಡಾದ ಹೆಣಿಗೆ ಕಡ್ಡಿಯಿಂದ ಗೀರಿ. 12ರಲ್ಲಿ ಎರಡು ಚಿತ್ರ ಮುಖಾಮುಖಿಯಾಗುವಂತೆ ಒಳಮಡಿಕೆ. 24ರಲ್ಲಿ ನಾಲಿಗೆ ಹಿಂದಕ್ಕೆ ಹೋಗುವಂತೆ ಹೊರಮಡಿಕೆ. ಉಜ್ಜುವಾಗ ಮೇಲೊಂದು ಬಿಳಿ ಹಾಳೆ ಇರಲಿ, ನೇರವಾಗಿ ಉಜ್ಜಿದರೆ ಮ್ಯಾಟ್ ಮೇಲ್ಮೈಯಲ್ಲಿ ಹೊಳೆಯುವ ಕಲೆ ಉಳಿಯುತ್ತದೆ.

ನಾಲಿಗೆಯ ಚಿತ್ರದ ಬದಿಗೆ ತೆಳ್ಳಗೆ ಪಿವಿಎ ಅಂಟು (ಬಿಳಿ ಅಂಟು) ಸವರಿ, ಮುಂದಿನ ಪಟ್ಟಿಯ ಎಡ ಅಂಚಿನ ಹಿಂಬದಿಗೆ ಅಂಟಿಸಿ. ಅಂಚು ಸರಿಯಾಗಿ ಮಡಿಕೆಗೆ ತಾಗಬೇಕು. ಇಲ್ಲಿ ಅರ್ಧ ಮಿಲಿಮೀಟರ್ ತಪ್ಪಿದರೆ ನಾಲ್ಕನೆಯ ಪಟ್ಟಿಗೆ ಬರುವಷ್ಟರಲ್ಲಿ ಪುಸ್ತಕ ಸೊಟ್ಟಗಾಗಿರುತ್ತದೆ. ಕೊನೆಯ ಪಟ್ಟಿಯ ನಾಲಿಗೆ ಕತ್ತರಿಸಿ ಹಾಕಿ.

ಹೊದಿಕೆ

2 ಮಿ.ಮೀ. ದಪ್ಪದ ರಟ್ಟಿನಲ್ಲಿ 12.6×16.6 ಸೆಂ.ಮೀ. ಅಳತೆಯ ಎರಡು ತುಂಡು. ಸುತ್ತಲೂ 3 ಮಿ.ಮೀ. ಹೆಚ್ಚಿದ್ದರೆ ಪುಟದ ಅಂಚು ಸವೆಯುವುದಿಲ್ಲ. ರಟ್ಟಿಗೂ ಎಳೆ ಇದೆ, ಅದೂ ಎತ್ತರದ ದಿಕ್ಕಿಗೇ. ಬೈಂಡಿಂಗ್ ಬಟ್ಟೆಯನ್ನು ಎಲ್ಲ ಬದಿಗೂ 2 ಸೆಂ.ಮೀ. ಹೆಚ್ಚಿಟ್ಟು ಕತ್ತರಿಸಿ. ಅಂಟನ್ನು ನಡುವಿನಿಂದ ಹೊರಗೆ ಬ್ರಷ್‌ನಲ್ಲಿ ಸವರಿ, ರಟ್ಟು ಇಟ್ಟು ತೀಡಿ. ಬಟ್ಟೆಯ ಮೂಲೆಗಳನ್ನು ಓರೆಯಾಗಿ ಕತ್ತರಿಸುವಾಗ ರಟ್ಟಿನ ತುದಿಯಿಂದ 3 ಮಿ.ಮೀ. ಬಿಡಿ, ಇಲ್ಲವಾದರೆ ರಟ್ಟು ಇಣುಕುತ್ತದೆ. ಮೊದಲು ಉದ್ದದ ಬದಿ ಮಡಚಿ, ನಂತರ ಅಗಲದ್ದು.

ಮೊದಲ ಪುಟದ ಹಿಂಬದಿ ಒಂದು ರಟ್ಟಿಗೆ, ಎಂಟನೆಯದರ ಹಿಂಬದಿ ಇನ್ನೊಂದಕ್ಕೆ. ಅಂಟಿಸುವಾಗ ಉಳಿದ ಪುಟಗಳ ನಡುವೆ ರದ್ದಿ ಕಾಗದ ಇರಲಿ. ಭಾರವಾದ ಪುಸ್ತಕಗಳ ಕೆಳಗೆ ಒಂದು ರಾತ್ರಿ ಇಡಿ. ಅವಸರದಲ್ಲಿ ಬೇಗ ತೆಗೆದರೆ ರಟ್ಟು ಬಿಲ್ಲಿನಂತೆ ಬಾಗುತ್ತದೆ.

ಬೆಳಿಗ್ಗೆ ಮೇಜಿನ ಮೇಲೆ ಅಂಕುಡೊಂಕಾಗಿ ನಿಲ್ಲಿಸಿ, ಒಂದು ಬದಿಯಿಂದ ಬೆಳಕು ಬರಲಿ. ಒಂದು ಪುಟ ಬೆಳಗಿ ಪಕ್ಕದ್ದು ಮಬ್ಬಾಗುತ್ತದೆ. ಆ ನೆರಳೂ ಈಗ ನಿಮ್ಮ ಚಿತ್ರದ್ದೇ. ಹಿಂಬದಿಯಲ್ಲಿ ಆರು ಪುಟ ಖಾಲಿ ಉಳಿದಿವೆ. ಅಲ್ಲಿ ತಿಂಗಳು, ವರ್ಷ, ಸಹಿ ಹಾಕಿ. ಐದು ಪ್ರತಿ ಕಟ್ಟಿದ್ದರೆ 1/5, 2/5 ಎಂದು ಸಂಖ್ಯೆಯನ್ನೂ ಬರೆಯಿರಿ, ಪೆನ್ಸಿಲ್ಲಿನಲ್ಲಿ. ಪೆನ್ನಿನ ಶಾಯಿ ಎದುರು ಪುಟಕ್ಕೆ ಇಳಿಯುತ್ತದೆ.